ಸಕ್ಕೂಬಾಯಿಯ ಕಡತದ ಆ ಒಂದು ಸಾಲು

ಬೆಳಗಿನ ಐದೂವರೆ. ಕಲಬುರ್ಗಿಯಿಂದ ಹುಮನಾಬಾದಿನ ಕಡೆಗೆ ಹೊರಡುವ ರಸ್ತೆಯ ಬದಿಯ ಬೇಳೆ ಗಿರಣಿಯಲ್ಲಿ ಇನ್ನೂ ಮೋಟಾರು ಹಾಕಿಲ್ಲ. ಅಂಗಳದ ತುಂಬ ಹೊಸ ತೊಗರಿ ತಾಡಪತ್ರಿ ಹೊದ್ದು ಮಲಗಿದೆ. ಆ ರಾಶಿಗಳ ನಡುವಿನ ಕಾಲುದಾರಿಯಲ್ಲಿ ಒಬ್ಬ ಹೆಂಗಸು ಬರುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ, ಸೆರಗನ್ನು ಸೊಂಟಕ್ಕೆ ಸಿಗಿಸುತ್ತಾರೆ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಡುತ್ತಾರೆ. ಮೂರು ರೋಲರು, ಎರಡು ಜರಡಿ, ಕಾಳನ್ನು ಮೇಲಕ್ಕೆತ್ತುವ ಒಂದು ಎಲಿವೇಟರು. ಎಲ್ಲವನ್ನೂ ಒಮ್ಮೆ ಸುತ್ತಿ ಬಂದು, ಎಲಿವೇಟರಿನ ಕಟ್ಟಿಗೆಯ ಕಂಬಕ್ಕೆ ಎಡ ಅಂಗೈ ಒತ್ತಿ ನಿಂತು, ಮಿಸ್ತ್ರಿ ಶಬ್ಬೀರನತ್ತ ತಲೆಯಾಡಿಸುತ್ತಾರೆ.

ಶಬ್ಬೀರ್ ಗುಂಡಿ ಒತ್ತುತ್ತಾನೆ. ಗಿರಣಿ ಒಮ್ಮೆಲೇ ಎದ್ದು ನಿಲ್ಲುತ್ತದೆ. ತಗಡಿನ ಗೋಡೆಗಳು ನಡುಗುತ್ತವೆ, ಧೂಳು ಮಾಡಿನಿಂದ ಉದುರುತ್ತದೆ, ಆಡಿದ ಮಾತು ಬಾಯಿಯಿಂದ ಒಂದು ಗೇಣು ದೂರ ಹೋಗುವುದರೊಳಗೆ ಸಪ್ಪಳದಲ್ಲಿ ಕಲಸಿಹೋಗುತ್ತದೆ. ಜರಡಿಯ ಮುಂದೆ ಕೂತ ಹೆಂಗಸರು ಕಿವಿಗೆ ಬಟ್ಟೆ ಬಿಗಿದುಕೊಳ್ಳುತ್ತಾರೆ. ಕಂಬದ ಬಳಿ ನಿಂತವರು ಮಾತ್ರ ಏನನ್ನೂ ಕಟ್ಟಿಕೊಳ್ಳುವುದಿಲ್ಲ. ಅರ್ಧ ನಿಮಿಷ ಹಾಗೆಯೇ ನಿಂತು, ಬರಿಗಾಲನ್ನು ನೆಲದ ಹಾಸುಗಲ್ಲಿನ ಮೇಲೆ ಒಂದಿಷ್ಟು ಸರಿಸಿ, ತಟ್ಟನೆ ಬಲಗೈ ಎತ್ತುತ್ತಾರೆ.

ಶಬ್ಬೀರ್ ಮೋಟಾರು ಕಡಿದು ಎರಡನೆಯ ರೋಲರಿನ ಬಾಯಿ ಬಿಚ್ಚುತ್ತಾನೆ. ಒಳಗೆ ಹುಣಸೆಬೀಜದಷ್ಟು ದೊಡ್ಡ ಕಲ್ಲು. ಇನ್ನೊಂದು ತಾಸು ಹಾಗೆಯೇ ಓಡಿದ್ದರೆ ರೋಲರಿನ ಮೈ ಕಿತ್ತುಹೋಗಿ ಅಂದಿನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

“ನಂಗ ಎರಡೂ ಕಿವಿ ಛಲೋ ಅವ ರೀ. ನಂಗ ತಿಳೀಲಿಲ್ಲ, ಇವರಿಗಿ ತಿಳೀತು,” ಎನ್ನುತ್ತಾನೆ ಶಬ್ಬೀರ್, ಕಲ್ಲನ್ನು ಅಂಗೈಯಲ್ಲಿ ಹೊರಳಿಸುತ್ತ. “ಈ ಮಷೀನು ನಮ್ ಸಂಗಾಟ ಬರೇ ಒದರ್ತದ. ಇವರ್ ಸಂಗಾಟ ಮಾತಾಡ್ತದ.”

ಇವರೇ ಸಕ್ಕೂಬಾಯಿ. ವಯಸ್ಸು ನಲವತ್ತೈದು. ಎರಡೂ ಕಿವಿ ಕೇಳುವುದಿಲ್ಲ.

ಹಂಗಾಮಿನ ದಿನಗಳಲ್ಲಿ ಈ ಗಿರಣಿಗೆ ದಿನಕ್ಕೆ ನೂರು ಚೀಲ ತೊಗರಿ ಬೀಳುತ್ತದೆ. ಮೊದಲ ರೋಲರಿನಲ್ಲಿ ಸಿಪ್ಪೆಗೆ ಗೀರು ಬಿದ್ದು, ಎಣ್ಣೆ ಸವರಿಸಿಕೊಂಡು, ಅಂಗಳದ ಬಿಸಿಲಿನಲ್ಲಿ ಎರಡು ಮೂರು ದಿನ ಹೊರಳಿ, ಮತ್ತೆ ಒಳಗೆ ಬಂದು ಎರಡು ಹೋಳಾಗಿ ಹೊರಬೀಳುವವರೆಗೆ ಪ್ರತಿ ಕಾಳೂ ಸಕ್ಕೂಬಾಯಿಯ ಕಣ್ಣಮುಂದೆ ನಾಲ್ಕು ಸಲ ಹಾಯುತ್ತದೆ. ಹನ್ನೊಂದು ತಾಸು ನಿಂತೇ ಕೆಲಸ, ನಡುವೆ ರೊಟ್ಟಿ ತಿನ್ನಲು ಅರ್ಧ ತಾಸು ಬಿಡುವು. ಸಂಜೆ ಗೇಟಿನಲ್ಲಿ ಹೆಂಗಸರೆಲ್ಲ ಸಾಲಾಗಿ ನಿಂತು, ಒಂದು ಹಿಡಿ ಬೇಳೆಯನ್ನೂ ಕಟ್ಟಿಕೊಂಡು ಹೋಗುತ್ತಿಲ್ಲವೆಂದು ಕಾವಲುಗಾರನ ಮುಂದೆ ಸೆರಗು ಝಾಡಿಸಿ ತೋರಿಸಬೇಕು. ತೋರಿಸಿದ ಮೇಲೆಯೇ ಮನೆ. 1977ರಿಂದ ಇಂದಿನವರೆಗೆ, ಅಂದರೆ ಈ 2000ದ ಡಿಸೆಂಬರಿನವರೆಗೆ, ಇಪ್ಪತ್ತಮೂರು ಹಂಗಾಮು ಸಕ್ಕೂಬಾಯಿ ಆ ಗೇಟಿನಲ್ಲಿ ಸೆರಗು ಝಾಡಿಸಿದ್ದಾರೆ.

ಇಂಥವರ ಹೆಸರಿನ ಕಡತವೊಂದರಲ್ಲಿ, ಕಮಲಾಪುರದ ನಾಡಕಚೇರಿಯ ಕಪಾಟಿನೊಳಗೆ, ಮೂರು ವರ್ಷ ಒಂದು ಸಾಲು ಕೂತಿತ್ತು: ಈಕೆ ಕಿವುಡಿನ ಸೋಗು ಹಾಕುತ್ತಿದ್ದಾಳೆ. ಸಕ್ಕೂಬಾಯಿ ಹೋರಾಡಿದ್ದು ಆ ಸಾಲಿನ ವಿರುದ್ಧ. ಅಂಗವಿಕಲರಿಗೆ ಸರ್ಕಾರ ಕೊಡುವ ಮಾಸಾಶನವನ್ನು ಈ ಸೀಮೆಯ ಜನ ‘ಪಗಾರ’ ಎನ್ನುತ್ತಾರೆ. ಆ ಪಗಾರ ಮಂಜೂರಾಗಿ ಬಂದ ಮೇಲೂ, ಸಾಲು ಹೋಗುವವರೆಗೆ ಅದನ್ನು ಮುಟ್ಟುವುದಿಲ್ಲವೆಂದು ಅವರು ಕೂತರು.

ಕಮಲಾಪುರದ ಪಕ್ಕದ ಹಳ್ಳಿ ಅವರ ತವರು. ರೇಶನ್ ಕಾರ್ಡು ಇಂದಿಗೂ ಅಲ್ಲಿ, ಅಣ್ಣನ ಮನೆಯ ವಿಳಾಸಕ್ಕೆ ಇದೆ. ಕಾಳುಪೇಟೆಯಾದ ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡನ ಹಿಂದೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಲಬುರ್ಗಿಗೆ ಬಂದರು, ಬಂದ ತಿಂಗಳಲ್ಲೇ ಗಿರಣಿ ಸೇರಿದರು. ಗಂಡ ತೀರಿ ಹದಿನಾಲ್ಕು ವರ್ಷವಾಯಿತು. ಒಬ್ಬಳೇ ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದಾರೆ. ಹೀಗಾಗಿ ಸಕ್ಕೂಬಾಯಿಯ ಕಾಗದಗಳೆಲ್ಲ ಕಮಲಾಪುರದಲ್ಲಿ, ಕಿವಿ ಹೋದದ್ದು ಕಲಬುರ್ಗಿಯಲ್ಲಿ. ಎರಡರ ನಡುವೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಆ ಹಾದಿಯನ್ನು ನಾಲ್ಕು ವರ್ಷದಲ್ಲಿ ಎಷ್ಟು ಸಲ ತುಳಿದರೆಂಬುದರ ಲೆಕ್ಕ ಅವರಿಗೇ ತಪ್ಪಿದೆ.

ಗಿರಣಿಯ ಹೆಂಗಸರಿಗೆ ತಮ್ಮದೇ ಒಂದು ಮಾತಿನ ಪದ್ಧತಿಯಿದೆ. ಅದನ್ನು ಅವರು ತುಟಿಮಾತು ಎನ್ನುತ್ತಾರೆ. ಸಪ್ಪಳದಲ್ಲಿ ದನಿ ಎತ್ತಿ ಪ್ರಯೋಜನವಿಲ್ಲವೆಂದು ಮೊದಲ ವಾರದಲ್ಲೇ ತಿಳಿಯುತ್ತದೆ. ದನಿ ಬಿಟ್ಟು, ತುಟಿಯನ್ನು ಅಗಲವಾಗಿ, ನಿಧಾನವಾಗಿ ಆಡಿಸುವುದು. ಕಣ್ಣು, ಹುಬ್ಬು, ಬೆರಳು ಅದಕ್ಕೆ ಜೊತೆ. ಮೂಗಿನ ಮೇಲೆ ಎರಡು ಬೆರಳಿಟ್ಟರೆ ಕನ್ನಡಕದ ಮುನೀಮ ಬರುತ್ತಿದ್ದಾನೆ ಎಂದು. ಗದ್ದಕ್ಕೆ ಬೆರಳು ತಾಗಿಸಿದರೆ ಮುಂದಿನ ಮಾತು ತಮಾಷೆಯದು, ನಿಜವೆಂದು ತಿಳಿಯಬೇಡ ಎಂದು. ಇಪ್ಪತ್ತು ಹೆಂಗಸರು ಜರಡಿಯ ಮುಂದೆ ಕೂತು ಬೀಸುವ ಪದಗಳನ್ನು ಆದಿಯಿಂದ ಅಂತ್ಯದವರೆಗೆ ಹಾಡುತ್ತಾರೆ. ತುಟಿಗಳೆಲ್ಲ ಒಟ್ಟಿಗೆ ತೆರೆಯುತ್ತವೆ, ಒಟ್ಟಿಗೆ ಮುಚ್ಚುತ್ತವೆ, ಒಂದು ಸೊಲ್ಲೂ ಯಾರ ಕಿವಿಗೂ ಬೀಳುವುದಿಲ್ಲ. ಸಕ್ಕೂಬಾಯಿ ಮೂವತ್ತು ಹೆಜ್ಜೆ ದೂರದಿಂದ ಕನ್ನಡವನ್ನೂ ದಖ್ಖನಿಯನ್ನೂ ಓದಬಲ್ಲರು. ಗೆಳತಿ ದಿಲ್ಶಾದ್ ಬೇಗಂ ಇದೇ ಗಿರಣಿಯಲ್ಲಿ ಅವರಿಗಿಂತ ಎರಡು ವರ್ಷ ಹಿರಿಯರು, ಸಕ್ಕೂಬಾಯಿಯ ಬಾಯಲ್ಲಿ ‘ಆಪಾ’, ಅಂದರೆ ಅಕ್ಕ. “ಈ ಸಕ್ಕೂನ ಎದುರು ಮನಸ್ಸಿನಾಗೂ ಬೈಬಾರದ್ರಿ. ತುಟಿ ಅಳ್ಳಾಡಿದ್ರ ಸಾಕು, ಹಿಡದಬಿಡ್ತಾಳ,” ಎಂದು ಅವರ ದೂರು.

ಕಿವಿ ಒಂದೇ ದಿನ ಹೋಗಲಿಲ್ಲ. ಅದು ಹೋದ ಬಗೆಯನ್ನು ಸಕ್ಕೂಬಾಯಿ ಹೀಗೆ ಹೇಳುತ್ತಾರೆ: “ಮೊದಲ ಬಳಿ ಸಪ್ಪಳ ಹೋಯ್ತು. ಕೈಯಾಗ ಬಳಿ ಅವ, ಸಪ್ಪಳ ಇಲ್ಲ. ಆಮ್ಯಾಲ ಗುಬ್ಬಿ ಹೋದ್ವು. ಆಮ್ಯಾಲ ನನ್ನ ಮಗಳ ದನಿ ಹೋಯ್ತು. ಗಂಡಸರ ದನಿ ಕಡೀಕ ಹೋಯ್ತು ನೋಡ್ರಿ. ಅದ ಮೊದಲ ಹೋಗಿದ್ರ ಎಷ್ಟು ಆರಾಮ ಇರ್ತಿತ್ತು!” ಹೀಗೆಂದು ಗದ್ದಕ್ಕೆ ಬೆರಳು ತಾಗಿಸುತ್ತಾರೆ.

ಎಲ್ಲವೂ ತಮಾಷೆಯದಲ್ಲ. ಮಗಳು ತಿಂಗಳಿಗೊಮ್ಮೆ ಬೀದಿ ತುದಿಯ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತಾಳೆ. ರಿಸೀವರು ಹಿಡಿದು ಕೇಳುವವರು ದಿಲ್ಶಾದ್ ಬೇಗಂ. ಕೇಳಿದ್ದನ್ನು ಎದುರು ನಿಂತ ತಾಯಿಗೆ ತುಟಿಯಲ್ಲಿ ಹೇಳುತ್ತಾರೆ. ಒಮ್ಮೆ ಮಗಳು ಮಾತಿನ ನಡುವೆ ಅತ್ತಳಂತೆ. ಅದನ್ನು ಮುಟ್ಟಿಸಲು ದಿಲ್ಶಾದ್ ಬೇಗಂ ಬೂತಿನೊಳಗೆ ನಿಂತು ತಾವೇ ಅಳಬೇಕಾಯಿತು.

ವರ್ಷದಲ್ಲಿ ಮಳೆಗಾಲದ ಮೂರು ತಿಂಗಳು ಗಿರಣಿ ಬಂದ್. ಆ ದಿನಗಳಲ್ಲಿ ಬೇರೆ ಹೆಂಗಸರು ಮನೆಗೆಲಸ ಹಿಡಿಯುತ್ತಾರೆ. ಕರೆದರೆ ಕೇಳದವರನ್ನು ಯಾರೂ ಮನೆಗೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ 1996ರಲ್ಲಿ ಸಕ್ಕೂಬಾಯಿ ಮೊದಲ ಅರ್ಜಿ ಹಾಕಿದರು. ಅರ್ಜಿಗೆ ಬೇಕಾದದ್ದು ಜಿಲ್ಲೆಯ ವೈದ್ಯರ ಮಂಡಳಿಯ ಪ್ರಮಾಣಪತ್ರ. ಮಂಡಳಿಗೆ ಬೇಕಾದದ್ದು ಹಳೆಯ ಚಿಕಿತ್ಸೆಯ ಕಾಗದ. ಸಕ್ಕೂಬಾಯಿಯ ಬಳಿ ಇದ್ದದ್ದು ಒಂದೇ ಒಂದು ಚೀಟಿ. 1990ರಲ್ಲಿ ಸ್ಟೇಶನ್ ಬಜಾರಿನ ಕಿವಿ ಡಾಕ್ಟರೊಬ್ಬರು ಕೊಟ್ಟದ್ದು. ಕುಂಕುಮದ ಡಬ್ಬಿಯಲ್ಲಿ ಮಡಚಿಟ್ಟು ಕೆಂಪಾಗಿತ್ತು. ಅದರ ಮೇಲೆ ಔಷಧಿಯ ಹೆಸರು, ಎರಡು ಹನಿ, ಮೂರು ಹೊತ್ತು. ರೋಗಿಯ ಹೆಸರಿಲ್ಲ, ತಾರೀಖಿಲ್ಲ. ಉಳಿದ ಚಿಕಿತ್ಸೆಗೆ ರಸೀದಿಯೇ ಇಲ್ಲ: ಮೂರು ವರ್ಷ ಬಿಸಿ ಬಳ್ಳೊಳ್ಳಿ ಎಣ್ಣೆ, ಒಂದು ವರ್ಷ ಅಜವಾನದ ಹೊಗೆ.

ಗಿರಣಿಯಿಂದ ಒಂದು ಪತ್ರ ತಂದರೆ ಬಲ ಬರುತ್ತದೆಂದು ಯಾರೋ ಹೇಳಿದರು. ಸಕ್ಕೂಬಾಯಿ ಮುನೀಮನ ಕೋಣೆಗೆ ಹೋದರು. ಹಾಜರಿ ಪುಸ್ತಕದಲ್ಲಿ ಹೆಂಗಸರ ಹೆಸರು ಬರೆಯುವ ರೂಢಿ ಈ ಗಿರಣಿಯಲ್ಲಿ ಇಲ್ಲ. ಮುನೀಮ ಕನ್ನಡಕ ಒರೆಸುತ್ತ, “ಮಷೀನ್ ಸಪ್ಪಳಕ್ಕ ಕಿವಿ ಹೋಗಂಗಿದ್ರ ನಂದ್ಯಾಕ ಹೋಗಿಲ್ಲವ್ವಾ? ನಾನೂ ಇಲ್ಲೇ ಇದ್ದೀನಲ್ಲ ಹದಿನೈದು ವರ್ಷ?” ಎಂದ.

“ಖರೆ ರೀ,” ಎಂದರು ಸಕ್ಕೂಬಾಯಿ. “ಹದಿನೈದು ವರ್ಷದಾಗ ಮಷೀನಿನ ಹತ್ರ ನೀವು ಎಷ್ಟು ಸಲ ಬಂದೀರಿ, ನಾ ಎಣಿಸೀನಿ. ಹೇಳ್ಲೇನು?”

ಪತ್ರ ಸಿಗಲಿಲ್ಲ. ಕುಂಕುಮ ಹತ್ತಿದ ಚೀಟಿಯೊಂದನ್ನೇ ಹಿಡಿದು ಒಂದು ಬುಧವಾರ ಮಂಡಳಿಯ ಮುಂದೆ ಹೋದರು. ಕಿವಿ ಅಳೆಯುವ ಯಂತ್ರ ಆ ದಿನ ಕೆಟ್ಟಿತ್ತು. ಹಿರಿಯ ವೈದ್ಯರು ಎದುರಿಗೆ ಕೂರಿಸಿಕೊಂಡು ಹೆಸರು ಕೇಳಿದರು, ಹೇಳಿದರು. ಊರು ಕೇಳಿದರು, ಹೇಳಿದರು. ಎಷ್ಟು ವರ್ಷದಿಂದ ಕೇಳಿಸುತ್ತಿಲ್ಲ ಎಂದು ಕೇಳಿದರು. “ಏಳು ವರ್ಷ ಆತ್ರಿ,” ಎಂದು ಅದನ್ನೂ ಹೇಳಿದರು. ವೈದ್ಯರು ಪೆನ್ನು ಕೆಳಗಿಟ್ಟು ನಕ್ಕರು. “ಎಲ್ಲಾ ಕೇಳಸ್ತದಲ್ಲಮ್ಮ ನಿನಗ! ಹೋಗು, ಮುಂದಿನವ್ರನ್ನ ಕಳಸು.”

ಹೊರಗೆ ಬಂದು ಹೇಳಿದಾಗ ದಿಲ್ಶಾದ್ ಬೇಗಂ ಹಣೆ ಬಡಿದುಕೊಂಡರು. “ಅರೆ, ಕ್ಯಾ ಕರೀ ತೂ? ಕಿವುಡಿ ಅಂತ ಹೇಳ್ಲಾಕ ಹೋದಾಕಿ ಕೇಳಿದ್ದಕ್ಕೆಲ್ಲ ಜವಾಬ್ ಕೊಟ್ಟು ಬಂದೀಯಲ್ಲ!”

“ಆಪಾ, ಹಿರೇರು ಮಾರಿ ನೋಡಿ ಕೇಳಿದ್ರು. ಜವಾಬ್ ಕೊಡದ ಹ್ಯಾಂಗ ಕೂಡ್ಲಿ? ಕಲ್ಲೇನು ನಾನು?”

ಮುಂದಿನ ವರ್ಷ ಮತ್ತೆ ಅರ್ಜಿ. ಈ ಸಲ ಓಣಿಯವರೆಲ್ಲ ಬುದ್ಧಿ ಹೇಳಿದ್ದರು: ಬಾಯಿ ಬಿಡಬೇಡ, ಕಣ್ಣೆತ್ತಬೇಡ, ನೆಲ ನೋಡುತ್ತ ನಿಲ್ಲು. ಸಕ್ಕೂಬಾಯಿಗೆ ಅದು ಒಗ್ಗಲಿಲ್ಲ, ಆದರೂ ಹಾಗೆಯೇ ನಿಂತರು. ಯಂತ್ರ ಇನ್ನೂ ದುರಸ್ತಿಯಾಗಿರಲಿಲ್ಲ. ಅದೇ ಹಿರಿಯ ವೈದ್ಯರು ಎರಡು ಪ್ರಶ್ನೆ ಕೇಳಿ, ಉತ್ತರ ಬಾರದಿದ್ದಾಗ ಸುಮ್ಮನೆ ಎದ್ದು ಹಿಂದೆ ಹೋದರು. ಸ್ಟೀಲಿನ ತಟ್ಟೆಯೊಂದನ್ನು ಎತ್ತಿ ನೆಲಕ್ಕೆ ಬಿಟ್ಟರು. ಸಕ್ಕೂಬಾಯಿ ಗಕ್ಕನೆ ಹಿಂತಿರುಗಿದರು.

ದೊಡ್ಡವರ ಕೋಣೆಯೆಂದು ಅವರು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದಿದ್ದರು. ಹಾಸುಗಲ್ಲಿನ ನೆಲದ ಮೇಲೆ ಬರಿಗಾಲು. ರೋಲರಿನೊಳಗಿನ ಹುಣಸೆಬೀಜದಷ್ಟು ಕಲ್ಲನ್ನು ಹಿಡಿಯುವ ಕಾಲಿಗೆ, ಒಂದು ಮಾರು ದೂರದಲ್ಲಿ ಬಿದ್ದ ತಟ್ಟೆ ಸಿಡಿಲಿನಷ್ಟು ದೊಡ್ಡದು. ವೈದ್ಯರಿಗೆ ಇದು ಗೊತ್ತಿರಲಿಲ್ಲ. ಅವರು ಗೆದ್ದವರಂತೆ ಕುರ್ಚಿಗೆ ಮರಳಿ, ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ಆ ಸಾಲು ಕಮಲಾಪುರ ತಲುಪಿತು. ನಾಡಕಚೇರಿಯ ಗುಮಾಸ್ತರು ದೇವೀಂದ್ರಪ್ಪ, ಕೆಟ್ಟವರಲ್ಲ. ಹದಿನೈದು ದಿನ ಬಿಟ್ಟು ಬಂದ ಸಕ್ಕೂಬಾಯಿಗೆ ಅದನ್ನು ಕನ್ನಡ ಮಾಡಿ ಹೇಳಿದವರು ಅವರೇ. “ಸೋಗು ಹಾಕ್ತಾಳ ಅಂತ ಬರ್ದಾರವ್ವಾ. ಇನ್ನ ಬ್ಯಾಡ ಬಿಡು.”

ಆ ದಿನ ಕಮಲಾಪುರದ ಬಸ್ ನಿಲ್ದಾಣದಲ್ಲಿ ಏನಾಯಿತೆಂಬುದನ್ನು ಇಬ್ಬರು ಎರಡು ಬಗೆಯಲ್ಲಿ ಹೇಳುತ್ತಾರೆ. ಸಕ್ಕೂಬಾಯಿ ಹೇಳುವ ಪ್ರಕಾರ, ಮಗಳಿಗೆಂದು ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡು ಬಸ್ಸು ಹತ್ತಿದರು, ಅಷ್ಟೇ. ಜೊತೆಗಿದ್ದ ದಿಲ್ಶಾದ್ ಬೇಗಂ ಹೇಳುವ ಪ್ರಕಾರ, ಎರಡು ಬಸ್ಸು ಬಂದು ಹೋದವು. ಸಕ್ಕೂಬಾಯಿ ಕಟ್ಟೆಯ ಮೇಲೆ ಕೂತು, ದನಿಯಿಲ್ಲದೆ, ತುಟಿಯಲ್ಲೇ ಯಾರನ್ನೋ ಬೈಯುತ್ತಿದ್ದರು. “ಅಂಥಾ ಬೈಗಳ ನಾ ನನ್ನ ಉಮರಿನಾಗ ನೋಡಿಲ್ರಿ. ಕೇಳಿಲ್ಲ ಅಲ್ಲ, ನೋಡಿಲ್ಲ,” ಎನ್ನುತ್ತಾರೆ. ಮೂರನೆಯ ಬಸ್ಸು ಬಂದಾಗ ಎದ್ದು, “ಆಪಾ, ಇನ್ನ ಮ್ಯಾಲ ನಾ ಯಾರ ಬುದ್ಧೀನೂ ಕೇಳಂಗಿಲ್ಲ. ನಾ ಹ್ಯಾಂಗ ಇದ್ದೀನೋ ಹಂಗ ಹೋಗ್ತೀನಿ,” ಎಂದರಂತೆ.

ಹೋಗಲು ಎರಡು ವರ್ಷ ಹಿಡಿಯಿತು. 1999ರ ಮಳೆಗಾಲ. ಮಂಡಳಿಗೆ ಹೊಸಬರು, ಡಾಕ್ಟರ್ ನರಸಿಂಹ ಎಂಬವರು ಬಂದಿದ್ದರು. ದಪ್ಪ ಮೀಸೆ, ಕಡಿಮೆ ಮಾತು. ಗಿರಣಿ ಬಂದ್ ಇದ್ದುದರಿಂದ ಸಕ್ಕೂಬಾಯಿಯ ಜೊತೆ ಹನ್ನೊಂದು ಹೆಂಗಸರು ದವಾಖಾನೆಗೆ ಬಂದು ಅಂಗಳದ ಬೇವಿನಮರದ ಕೆಳಗೆ ಕೂತರು. ಸಕ್ಕೂಬಾಯಿಯ ಕಂಕುಳಲ್ಲಿ ನಾಲ್ಕು ಖಾಲಿ ಗೋಣಿಚೀಲಗಳಿದ್ದವು.

ಕೋಣೆಗೆ ಹೊಕ್ಕವರೇ ವೈದ್ಯರು ಬಾಯಿ ತೆರೆಯುವ ಮೊದಲೇ ಮಾತಿಗೆ ಶುರುಮಾಡಿದರು. “ಸಾಹೇಬ್ರ, ಮೊದಲ ನಂದು ಕೇಳ್ರಿ. ನಂಗ ಕಿವಿ ಇಲ್ಲ, ಕಣ್ಣ ಅವ. ನೀವು ಮಾರಿ ತೋರ್ಸಿ ಕೇಳಿದ್ರ ಜವಾಬ್ ಕೊಡ್ತೀನಿ; ಅದು ಸುಳ್ಳಲ್ಲ. ಹಿಂದ ನಿಂತು ಏನರ ಒಗದ್ರ ಕಾಲಿಗಿ ತಿಳೀತದ, ತಿರಗ್ತೀನಿ; ಅದೂ ಸುಳ್ಳಲ್ಲ. ಇಪ್ಪತ್ತೆರಡು ವರ್ಷ ಗಿರಣ್ಯಾಗ ನಿಂತು ಕಲ್ತೀನಿ, ಈ ಕ್ವಾಣ್ಯಾಗ ಹ್ಯಾಂಗ ಮರೀಲಿ? ನನ್ನ ಪರೀಕ್ಷಾ ಹ್ಯಾಂಗ ಮಾಡ್ಬೇಕು ಅಂತ ನಾ ಹೇಳ್ತೀನಿ. ಮಾಡ್ರಿ.”

ನಾಲ್ಕು ಗೋಣಿಚೀಲಗಳನ್ನು ಮಡಚಿ ಒಂದರ ಮೇಲೊಂದು ಹಾಸಿ, ಅದರ ಮೇಲೆ ಹತ್ತಿ ಗೋಡೆಗೆ ಮುಖಮಾಡಿ ನಿಂತರು. “ಈಗ ಏನ್ ಒಗೀತೀರಿ ಒಗೀರಿ.”

ತಟ್ಟೆ ಬಿತ್ತು. ಬಕೆಟ್ಟು ಬಿತ್ತು. ಜವಾನನೊಬ್ಬ ಬಾಗಿಲನ್ನು ಎರಡು ಸಲ ದಢಾರನೆ ಹಾಕಿದ. ಪಕ್ಕದ ವಾರ್ಡಿನಿಂದ ನರ್ಸು ಓಡಿ ಬಂದು ಏನಾಯಿತೆಂದು ಕೇಳಿದರು. ಚೀಲದ ಮೇಲೆ ನಿಂತವರು ಕದಲಲಿಲ್ಲ. ವೈದ್ಯರು ಅವರ ಬೆನ್ನಿಗೆ ನಿಂತು ಹೆಸರು ಹಿಡಿದು ಕರೆದರು, ಗದರಿದರು. ಸಕ್ಕೂಬಾಯಿ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದರು.

ಆಮೇಲೆ ಕಿಟಕಿ. ಗಾಜು ಮುಚ್ಚಿತ್ತು, ಹೊರಗೆ ಬೇವಿನಮರದ ಕೆಳಗಿನ ಹೆಂಗಸರ ಬಾಯಿ ಆಡುತ್ತಿತ್ತು, ದನಿ ಒಳಗೆ ಬರುತ್ತಿರಲಿಲ್ಲ. ವೈದ್ಯರು ಸಕ್ಕೂಬಾಯಿಯನ್ನು ತಿರುಗಿಸಿ, ಅಲ್ಲಿ ಏನು ಮಾತು ನಡೆದಿದೆ ಎಂದು ಕೇಳಿದರು. ಸಕ್ಕೂಬಾಯಿ ಒಂದು ಗಳಿಗೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಖರೆ ಹೇಳ್ಲೇನ್ರಿ?”

“ಹೇಳ್ರಿ.”

“ಆ ಕಡೀ ಕುಂತಾರಲ್ಲ, ದಿಲ್ಶಾದ್ ಆಪಾ, ಅವರು ಅನ್ಲಾಕತ್ತಾರ: ಈ ಡಾಕ್ಟರನ ಮೀಸಿ ಕಸಬಾರಿಗಿ ಇದ್ದಂಗ ಅದ, ಗಿರಣಿಗಿ ತಂದ್ರ ಹೊಟ್ಟರ ಬಳೀಬಹುದು.”

ಜವಾನನನ್ನು ಕಳಿಸಿ ವಿಚಾರಿಸಿದರು. ದಿಲ್ಶಾದ್ ಬೇಗಂ ಎರಡೂ ಕೆನ್ನೆ ಬಡಿದುಕೊಂಡು, “ತೌಬಾ! ಯಾರ್ ಹೇಳಿದ್ರು ಸಾಹೇಬ್ರಿಗಿ?” ಎಂದು ಕೇಳಿದರು. ಅಷ್ಟೇ ಸಾಕಾಯಿತು. ಇಲ್ಲಿಯೂ ಎರಡು ಬಗೆಯ ಹೇಳಿಕೆಗಳಿವೆ. ಡಾಕ್ಟರು ಬಿದ್ದು ಬಿದ್ದು ನಕ್ಕರೆಂದು ಸಕ್ಕೂಬಾಯಿ. ನಗಲಿಲ್ಲ, ಮೀಸೆ ಮುಟ್ಟಿ ನೋಡಿಕೊಂಡರೆಂದು ಜವಾನ. ಅವರು ಚೀಟಿ ಬರೆದು ಸಕ್ಕೂಬಾಯಿಯನ್ನು ಕಿವಿ ಅಳೆಯುವ ಯಂತ್ರವಿದ್ದ ಕಡೆಗೆ ಕಳಿಸಿದ್ದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಗೋಣಿಚೀಲ ಹೇಳಿದ್ದನ್ನೇ ಯಂತ್ರದ ಗೆರೆಯೂ ಹೇಳಿತು. ಪ್ರಮಾಣಪತ್ರ ಬಂತು, ಮುಂದಿನ ಮಾರ್ಚಿನಲ್ಲಿ ಪಗಾರದ ಮಂಜೂರಿ ಆದೇಶವೂ ಕಮಲಾಪುರಕ್ಕೆ ಬಂತು.

ಬೇರೆಯವರ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ದೇವೀಂದ್ರಪ್ಪ ಶಾಯಿಯ ಪ್ಯಾಡು ಮುಂದಿಟ್ಟು ಹೆಬ್ಬೆಟ್ಟು ಕೇಳಿದರು. ಸಕ್ಕೂಬಾಯಿ ಕಡತವನ್ನು ನೋಡಿದರು.

“ಆ ಹಾಳಿ ಇನ್ನಾ ಅದ ಏನ್ರಿ, ಸೋಗು ಅಂತ ಬರ್ದಿದ್ದು?”

“ಇರ್ತದವ್ವಾ. ಫೈಲಂದ್ರ ಹಂಗಽ. ಹಳೀದ್ರ ಮ್ಯಾಲ ಹೊಸಾದು. ನಿಂದು ಮಂಜೂರ್ ಆಗ್ಯಾದಲ್ಲ, ಒತ್ತು.”

“ಅದನ್ನ ಹೊಡೀರಿ. ಆಮ್ಯಾಲ ಒತ್ತತೀನಿ.”

ಸರ್ಕಾರದ ಹಾಳೆಯ ಮೇಲಿನ ಸಾಲನ್ನು ಗುಮಾಸ್ತ ಹೊಡೆದುಹಾಕುವಂತಿಲ್ಲ. ಬರೆದವರು ಹೊಡೆಯಬೇಕು, ಇಲ್ಲವೇ ಅವರ ಕುರ್ಚಿಯ ಮೇಲೆ ಕೂತವರು ಬರೆಯಬೇಕು. ಬರೆದವರಿಗೆ ಎಲ್ಲಿಗೋ ವರ್ಗವಾಗಿತ್ತು. ಸಕ್ಕೂಬಾಯಿ ಹೆಬ್ಬೆಟ್ಟು ಒತ್ತದೆ ಎದ್ದು ಬಂದರು. ಏಪ್ರಿಲ್ ಹೋಯಿತು, ಮೇ ಹೋಯಿತು, ಗಿರಣಿ ಬಂದಾಯಿತು. ಆದೇಶ ಕಪಾಟಿನಲ್ಲೇ ಇತ್ತು. ಆ ಮಳೆಗಾಲ ಅವರು ದಿಲ್ಶಾದ್ ಬೇಗಂ ಅವರ ಮನೆಯ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಎರಡೂ ಮನೆಗೆ ಹಂಚಿ ಉಂಡರು. ಮಗಳು ಫೋನಿನಲ್ಲಿ ಬೈದಳು. ದಿಲ್ಶಾದ್ ಬೇಗಂ ಆ ಬೈಗಳಿಗೆ ತಮ್ಮದನ್ನೂ ಸೇರಿಸಿ ಮುಟ್ಟಿಸಿದರು. ಅಣ್ಣ ತವರಿನಿಂದ ಬಂದು, ಯಾರೂ ಓದದ ಹಾಳೆಗಾಗಿ ಯಾಕೆ ಉಪವಾಸ ಬೀಳುತ್ತೀ ಎಂದು ಕೇಳಿದ. ದೇವೀಂದ್ರಪ್ಪ ಅಲವತ್ತುಕೊಂಡರು: “ಹೆಬ್ಬಟ್ ಒತ್ತವ್ವಾ, ನಂದೂ ಒಂದ್ ಫೈಲ್ ಮುಗೀತದ.”

“ಒತ್ತಿದ್ರ ಆ ಮಾತಿಗೂ ಒಪ್ಪಿದಂಗ ಆಗ್ತದ ರೀ. ಎರಡೂ ಒಂದೇ ದಾರದಾಗ ಕಟ್ಟೀರಲ್ಲ.”

ದೇವೀಂದ್ರಪ್ಪ ಕಡತವನ್ನು ಮತ್ತೆ ಕಪಾಟಿಗೆ ಸೇರಿಸಿದರು. ಅವರು ಅಂಗವಿಕಲರ ಕಡತಗಳನ್ನು ಹನ್ನೆರಡು ವರ್ಷದಿಂದ ನೋಡುತ್ತಿದ್ದಾರೆ. ಮಂಜೂರಾಗದ್ದಕ್ಕೆ ಅತ್ತವರನ್ನು, ಜಗಳಾಡಿದವರನ್ನು, ಕಾಲಿಗೆ ಬಿದ್ದವರನ್ನು ಕಂಡಿದ್ದಾರೆ. ಮಂಜೂರಾದದ್ದನ್ನು ಮುಟ್ಟದೆ ಹೋದವರು ಇವರೊಬ್ಬರೇ ಎನ್ನುತ್ತಾರೆ.

ಡಾಕ್ಟರ್ ನರಸಿಂಹರ ಬಳಿಗೆ ಸಕ್ಕೂಬಾಯಿ ಮೂರು ಸಲ ಹೋದರು. ಎರಡು ಸಲ ಅವರು ಕೈಯಾಡಿಸಿ ಕಳಿಸಿದರು. ಹಿರಿಯರೊಬ್ಬರು ಬರೆದದ್ದನ್ನು ಮುಟ್ಟಲು ಅವರಿಗೆ ಸಂಕೋಚವಿತ್ತು. ಮೂರನೆಯ ಸಲ, ಕಳೆದ ಅಕ್ಟೋಬರಿನಲ್ಲಿ, ಕೇಳಿಯೇಬಿಟ್ಟರು: “ಪಗಾರ ಸಿಕ್ಕದ, ಸರ್ಟಿಫಿಕೇಟ್ ಸಿಕ್ಕದ. ಆ ಒಂದು ಸಾಲಿನಿಂದ ನಿಮಗೇನು ತೊಂದ್ರಿ?”

ಸಕ್ಕೂಬಾಯಿ ಕೂತಲ್ಲಿಂದ ಎದ್ದು ನಿಂತು, ಸೊಂಟದ ಸೆರಗು ಬಿಚ್ಚಿ, ಅವರ ಮೇಜಿನ ಮುಂದೆ ಝಾಡಿಸಿದರು.

“ನೋಡ್ರಿ ಸಾಹೇಬ್ರ. ಇಪ್ಪತ್ತಮೂರು ವರ್ಷ ದಿನಾ ಸಂಜಿಗಿ ಹಿಂಗ ಝಾಡ್ಸಿ ತೋರ್ಸೀನಿ, ನಾ ಕಳ್ಳಿ ಅಲ್ಲಂತ. ಒಂದ್ ದಿನ, ಒಂದ ಬ್ಯಾಳಿ ಬಿದ್ದಿಲ್ಲ. ಮಗಳು ಸಣ್ಣಾಕಿ ಇದ್ದಾಗ ಮನ್ಯಾಗ ಬ್ಯಾಳಿ ಇಲ್ದ ಬರೇ ಖಾರದ ನೀರಿನಾಗ ರೊಟ್ಟಿ ತಿಂದೀವಿ, ಆವಾಗೂ ಬಿದ್ದಿಲ್ಲ. ಗೇಟಿನ್ಯಾಗ ಝಾಡ್ಸಿದ್ರ ಮುಗೀತಿತ್ತು, ಮನಿಗಿ ಹೋಗ್ತಿದ್ನಿ. ನಿಮ್ಮ ಹಾಳಿ ಮುಂದ ಎಷ್ಟ್ ಝಾಡ್ಸಿದ್ರೂ ನಾ ಕಳ್ಳೀನ. ನಾಳೆ ನಾ ಸತ್ರೂ ಆ ಹಾಳಿ ಸಾಯಂಗಿಲ್ಲ. ಅದನ್ನ ಹೊಡೀರಿ.”

ಹೊಡೆಯುವ ಅಧಿಕಾರ ತನಗಿಲ್ಲ, ಅದರ ಪಕ್ಕದಲ್ಲಿ ಬರೆಯುವ ಅಧಿಕಾರವಿದೆ ಎಂದರು ವೈದ್ಯರು. ಸಕ್ಕೂಬಾಯಿ ಯೋಚಿಸಿದರು.

“ಬರೀರಿ. ಕನ್ನಡದಾಗ ಬರೀರಿ, ನನ್ನ ಮ್ಯಾಲಿನ ಮಾತು ನಮ್ಮ ಮಂದಿಗಿ ತಿಳೀಬೇಕು. ಅದಕ್ಕಿಂತ ದೊಡ್ಡ ಅಕ್ಷರದಾಗ ಬರೀರಿ.”

ಕಡತವನ್ನು ಕಮಲಾಪುರದಿಂದ ತರಿಸಿಕೊಂಡು ಅವರು ಬರೆದರು. ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೆಂಬುದನ್ನು ನಾಡಕಚೇರಿಯಲ್ಲಿ ಇಂದಿಗೂ ನೋಡಬಹುದು. ಅಂಚಿನಲ್ಲಿ ಜಾಗ ಸಾಲದೆ ಕೊನೆಯ ಪದ ಹಾಳೆಯ ಮೂಲೆಯಲ್ಲಿ ಕೆಳಕ್ಕೆ ಬಾಗಿದೆ.

ಕಳೆದ ತಿಂಗಳ ಒಂದು ಸೋಮವಾರ ಸಕ್ಕೂಬಾಯಿ ಕಮಲಾಪುರಕ್ಕೆ ಹೋದರು. ಗಿರಣಿಯ ಒಂದು ದಿನದ ಕೂಲಿ ಬಿಟ್ಟು ದಿಲ್ಶಾದ್ ಬೇಗಂ ಜೊತೆಗೆ ಹೋದರು. ನಾಡಕಚೇರಿಯ ಪಡಸಾಲೆಯ ಬೆಂಚುಗಳು ತುಂಬಿದ್ದವು: ಕೋಲು ಹಿಡಿದ ಮುದುಕರು, ಕಾಲು ಸೊಟ್ಟಗಿದ್ದ ಹುಡುಗಿಯನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಿ, ಕಪ್ಪು ಕನ್ನಡಕದ ಒಬ್ಬಾತ, ಎಲ್ಲರ ಕೈಯಲ್ಲೂ ಒಂದೊಂದು ಮಾಸಿದ ಚೀಟಿ. ದೇವೀಂದ್ರಪ್ಪ ಕಡತ ಬಿಡಿಸಿ, ಶಾಯಿಯ ಪ್ಯಾಡಿನ ಮುಚ್ಚಳ ತೆಗೆದು, ತಲೆ ಬಗ್ಗಿಸಿ, ತಮಗೆ ತಾವೇ ಓದಿಕೊಳ್ಳುವಂತೆ ಆ ಹೊಸ ಸಾಲನ್ನು ಓದಿದರು.

ಪ್ಯಾಡಿನ ತನಕ ಬಂದಿದ್ದ ಹೆಬ್ಬೆರಳನ್ನು ಸಕ್ಕೂಬಾಯಿ ಹಿಂದಕ್ಕೆ ತೆಗೆದುಕೊಂಡರು.

“ಮಾರಿ ಮ್ಯಾಲ ಮಾಡಿ ಓದ್ರಿ.”

ದೇವೀಂದ್ರಪ್ಪ ತಲೆಯೆತ್ತಿದರು. “ಈ ಅರ್ಜಿದಾರಳು ಸೋಗು ಹಾಕಿಲ್ಲ. ಹಿಂದಿನ ಅಭಿಪ್ರಾಯವು ಪರೀಕ್ಷೆಯ ರೀತಿಯಿಂದ ಆದ ತಪ್ಪು.” ಸಕ್ಕೂಬಾಯಿ ಒಂದೊಂದು ಪದವನ್ನೂ ಅವರ ತುಟಿಯಿಂದ ಎತ್ತಿಕೊಂಡರು.

“ಆತಲ್ಲವ್ವಾ? ಇನ್ನರ ಒತ್ತು.”

“ಇನ್ನೊಮ್ಮಿ ಓದ್ರಿ. ಜೋರಲೆ ಓದ್ರಿ.”

“ಯವ್ವಾ,” ದೇವೀಂದ್ರಪ್ಪನವರಿಗೆ ನಗು ತಡೆಯಲಾಗಲಿಲ್ಲ, “ಜೋರಲೆ ಓದಿದ್ರೇನು, ಮೆಲ್ಲಕ ಓದಿದ್ರೇನು, ನಿನಗ ಎರಡೂ ಒಂದಽ ಅಲ್ಲೇನು?”

ಸಕ್ಕೂಬಾಯಿ ಪಡಸಾಲೆಯ ಬೆಂಚುಗಳ ಕಡೆ ಕೈ ತೋರಿದರು.

“ನನಗಲ್ರಿ. ಅಲ್ಲಿ ಕುಂತಾರಲ್ಲ, ಅವರಿಗಿ.”